ಜಮೀನಿನ ಫೋಟೊಗೂ ಚಕ್ಕುಬಂದಿ ಬೇಕು

2024ರ ಏಪ್ರಿಲ್ ಕೊನೆಯ ವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬೆಂಗಳೂರಿನ ಕಾರೊಂದು ನಮ್ಮ ಹೊಲದ ಬದುವಿನ ಹತ್ತಿರ ಬಂದು ನಿಂತಿತು. ಗಂಡ, ಹೆಂಡತಿ, ಜೊತೆಗೆ ವಯಸ್ಸಾದ ತಾಯಿ. ನಾನು ನಾಲ್ಕು ಎಳನೀರು ತಂದಿಟ್ಟುಕೊಂಡು ಬೇವಿನ ಮರದ ಕೆಳಗೆ ಕಾಯುತ್ತಿದ್ದೆ. ಇಳಿದವರು ಹೊಲ ನೋಡಿದರು. ಕೈಯಲ್ಲಿದ್ದ ಮೊಬೈಲು ನೋಡಿದರು. ಮತ್ತೆ ಹೊಲ ನೋಡಿದರು. ಕೊನೆಗೆ ಆ ತಾಯಿ ನನ್ನ ಕಡೆ ತಿರುಗಿ ಕೇಳಿದರು, “ಯಜಮಾನ್ರೆ, ಇದು ಅದೇ ಜಮೀನಾ?”

ಜಮೀನು ಅದೇ. ಆದರೆ ಅವರ ಮೊಬೈಲಿನಲ್ಲಿ ಮೊಣಕಾಲುದ್ದ ಹಸಿರು ಶೇಂಗಾ ಇತ್ತು, ಹಿಂದೆ ತುಂಬಿದ ಗೋಕಟ್ಟೆ ಇತ್ತು, ಒಂದು ಪಕ್ಕದಲ್ಲಿ ಡ್ರಿಪ್ಪು ಹಾಕಿದ ದಾಳಿಂಬೆ ಸಾಲು ಇತ್ತು. ಕಣ್ಣೆದುರಿಗೆ ಇದ್ದದ್ದು ಕೆಂಪು ಧೂಳು, ತೊಗರಿ ಕೂಳೆ, ಬಿರುಕು ಬಿಟ್ಟ ಕಟ್ಟೆ. ದಾಳಿಂಬೆ ನಮ್ಮದಲ್ಲ, ಪಕ್ಕದವರದು. ನಾನು ಬಾಯಿ ಬಿಡುವ ಮೊದಲೇ ಆ ಗಂಡಸು, “ಫೋಟೊದಲ್ಲೇ ಸುಳ್ಳು ಅಂದ್ರೆ ಪಹಣೀಲಿ ಇನ್ನೆಷ್ಟು ಸುಳ್ಳೋ” ಅಂದರು. ಎಳನೀರು ಮುಟ್ಟಲಿಲ್ಲ, ಹೊರಟುಹೋದರು. ನಮ್ಮ ಪಹಣಿ ಅಪ್ಪನ ಕಾಲದಿಂದ ಚೊಕ್ಕ ಇದೆ. ಆದರೂ ಆ ಮಾತಿಗೆ ಉತ್ತರ ಕೊಡಲು ನನ್ನ ಹತ್ತಿರ ಬಾಯಿ ಇರಲಿಲ್ಲ.

ನನಗೆ ಇರುವುದು ಆರು ಎಕರೆ ಹತ್ತು ಗುಂಟೆ, ಹಿರಿಯೂರು ತಾಲ್ಲೂಕಿನ ಕೆಂಪು ಜಮೀನು. ನಾಲ್ಕು ಬೋರು ಹೊಡೆಸಿ ಮೂರು ಹೋದವು. ಆ ಕೈಸಾಲ ತೀರಿಸಲು ರಸ್ತೆ ಕಡೆಯ ಎರಡು ಎಕರೆ ಮಾರಿ ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದು ಮನೆಯಲ್ಲಿ ಮಾತಾಗಿತ್ತು. ಮಾರುವ ಕಷ್ಟ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಹೇಳಲು ಈ ಲೇಖನವಲ್ಲ. ಮಾರುವಾಗಲೋ ಗುತ್ತಿಗೆಗೆ ಕೊಡುವಾಗಲೋ ಜಮೀನಿನ ಫೋಟೊವನ್ನು ನಾವೇ ಸರಿಯಾಗಿ ತೆಗೆಯುವುದು ಹೇಗೆ ಎಂದು ಕಲಿತದ್ದನ್ನು ಹೇಳಲು ಬರೆಯುತ್ತಿದ್ದೇನೆ.

ತಪ್ಪು ಎಲ್ಲಿ ಆಯಿತು?

ಆ ಫೋಟೊ ತೆಗೆದವನು ಒಬ್ಬ ದಲ್ಲಾಳಿ, 2022ರ ಅಕ್ಟೋಬರಿನಲ್ಲಿ, ಪಕ್ಕದ ಜಮೀನು ತೋರಿಸಲು ಬಂದಾಗ. ಆ ವರ್ಷ ನಮ್ಮ ಕಡೆ ಎಂಥ ಮಳೆ ಎಂದರೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ 89 ವರ್ಷಕ್ಕೆ ಕೋಡಿ ಬಿದ್ದಿತ್ತು. ನೋಡಲು ಜಾತ್ರೆಯಂತೆ ಜನ. ಯಾವ ಗೋಕಟ್ಟೆ ನೋಡಿದರೂ ತುಂಬಿತ್ತು, ಯಾವ ಬೀಳು ನೋಡಿದರೂ ಹಸಿರು. ಮರುವರ್ಷ 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಅಂಥ ಒಳ್ಳೆಯ ವರ್ಷದ ಫೋಟೊ ಇಟ್ಟುಕೊಂಡು ಅಂಥ ಕೆಟ್ಟ ವರ್ಷದ ಬೇಸಗೆಯಲ್ಲಿ ಗಿರಾಕಿ ಕರೆಸಿದರೆ ಇನ್ನೇನಾಗುತ್ತದೆ?

ತಪ್ಪು ದಲ್ಲಾಳಿಯದೊಂದೇ ಅಲ್ಲ. “ನಿಮ್ಮ ಜಮೀನಿಂದು ಒಳ್ಳೇ ಫೋಟೊ ಐತೆ, ಹಾಕ್ತೀನಿ” ಎಂದಾಗ ನಾನು ಒಮ್ಮೆ ತೋರಿಸು ಎಂದು ಕೇಳಲಿಲ್ಲ. ಎತ್ತು ಮಾರುವಾಗ ಹಗ್ಗ ಬೇರೆಯವನ ಕೈಗೆ ಕೊಟ್ಟು ನಾನು ಸಂತೆಯ ಹೊರಗೆ ನಿಂತಂತೆ ಆಯಿತು.

ಹಿಂದೆ ಜಮೀನು ಕೊಳ್ಳುವವನು ಅಕ್ಕಪಕ್ಕದ ಊರಿನವನೇ. ಅವನಿಗೆ ಫೋಟೊ ಯಾಕೆ, ನಮ್ಮ ಹೊಲದಲ್ಲಿ ಎಲ್ಲಿ ಗರಸು, ಎಲ್ಲಿ ನೀರು ನಿಲ್ಲುತ್ತದೆ ಎಂದು ನಮಗಿಂತ ಚೆನ್ನಾಗಿ ಅವನಿಗೇ ಗೊತ್ತು. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಬೇರೆ. ಆದರೆ ಈಗ ನೂರೈವತ್ತು ಕಿಲೋಮೀಟರ್ ದೂರದಲ್ಲಿ ಕೂತವನು ಮೊದಲು ನೋಡುವುದು ನಮ್ಮ ಮುಖವನ್ನಲ್ಲ, ಮೊಬೈಲಿನಲ್ಲಿ ಬಂದ ಫೋಟೊವನ್ನು. ಬರಬೇಕೋ ಬೇಡವೋ ಎಂದು ಅಲ್ಲೇ ತೀರ್ಮಾನ ಮಾಡುತ್ತಾನೆ.

ನನ್ನ ಮೊದಲ ಪಟಗಳು

ದಲ್ಲಾಳಿಗೆ ಆ ಫೋಟೊ ತೆಗೆದುಹಾಕು ಎಂದು ಹೇಳಿ ನಾನೇ ತೆಗೆಯಲು ಹೊರಟೆ. 2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯ ಆ್ಯಪ್ ಬಂದಾಗ ಮಗನ ಕೈಹಿಡಿದು ಬೆಳೆ ಫೋಟೊ ತೆಗೆಯಲು ಕಲಿತಿದ್ದೆ, ಅಷ್ಟೇ ನನ್ನ ವಿದ್ಯೆ. ಊಟ ಮುಗಿಸಿ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ಹತ್ತು ಹೊಡೆದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಒಂದೇ ಥರ. ಮೇಲೆ ಬಿಳಿ ಆಕಾಶ, ಕೆಳಗೆ ಬಿಳಿಚಿದ ಮಣ್ಣು, ಮಧ್ಯೆ ಒಂದು ಗೆರೆ. ಎರಡರಲ್ಲಿ ನನ್ನ ಹೆಬ್ಬೆರಳು. ಒಂದರಲ್ಲಿ ಹೊಲವೇ ಹಳ್ಳದ ಕಡೆ ಜಾರುತ್ತಿದ್ದಂತೆ ಓರೆ.

ನಮ್ಮೂರಲ್ಲಿ ಮದುವೆ ಫೋಟೊ ತೆಗೆಯುವ ಹುಡುಗ ಒಬ್ಬನಿದ್ದಾನೆ. ಅವನಿಗೆ ತೋರಿಸಿದೆ. ನಕ್ಕುಬಿಟ್ಟ. “ಏನ್ ಮಾವ, ಮದ್ವೆ ಹೆಣ್ಣನ್ನ ನಡುಮಧ್ಯಾಹ್ನದಾಗೆ ನಿಲ್ಸಿ ಯಾರಾದ್ರೂ ಫೋಟೊ ಹೊಡೀತಾರಾ?” ಅಂದ. ಆಮೇಲೆ ಎರಡು ದಿನ ನನ್ನ ಜೊತೆ ಹೊಲಕ್ಕೆ ಬಂದು ಕಲಿಸಿದ. ದುಡ್ಡು ಕೊಡಲು ಹೋದರೆ ಬೇಡ ಅಂದ, ಶೇಂಗಾ ಕಾಲಕ್ಕೆ ಒಂದು ಚೀಲ ಕಳಿಸಿಕೊಟ್ಟೆ. ಅವನು ಬೆಳಕು ಕಲಿಸಿದ. ಯಾವುದನ್ನು ತೋರಿಸಬೇಕು ಎಂಬುದನ್ನು ನಾನು ನನ್ನ ಬೇಸಾಯದಿಂದಲೇ ಕಂಡುಕೊಳ್ಳಬೇಕಾಯಿತು.

ಬಿಸಿಲು ಬೆನ್ನಿಗೆ ಇರಲಿ

ಮೊದಲ ಪಾಠ ಹೊತ್ತು. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ನೆರಳು ಕಾಲಡಿಗೆ ಸೇರಿಕೊಳ್ಳುತ್ತದೆ. ನೆರಳಿಲ್ಲದಿದ್ದರೆ ಉಬ್ಬು ತಗ್ಗು ಕಾಣುವುದಿಲ್ಲ. ಬದು, ಸಾಲು, ಕೊರಕಲು ಎಲ್ಲಾ ಒಂದೇ ಬಟ್ಟೆ ಹಾಸಿದಂತೆ ಚಪ್ಪಟೆ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ನಾಲ್ಕೂವರೆಯಿಂದ ಆರು, ಈ ಎರಡು ಹೊತ್ತಿನಲ್ಲಿ ಓರೆ ಬಿಸಿಲು ಬಿದ್ದು ಜಮೀನಿನ ಮೈಕಟ್ಟು ಎದ್ದು ಕಾಣುತ್ತದೆ.

ಎರಡನೆಯದು ದಿಕ್ಕು. ಸೂರ್ಯ ಬೆನ್ನ ಹಿಂದೆ ಇರಬೇಕು. ಬೆಳಿಗ್ಗೆ ಪೂರ್ವದ ಬದುವಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿ ತೆಗೆಯಬೇಕು, ಸಂಜೆ ಪಶ್ಚಿಮದ ಬದುವಿನಲ್ಲಿ ನಿಂತು ಪೂರ್ವಕ್ಕೆ. ಸೂರ್ಯನಿಗೆ ಎದುರಾಗಿ ಹಿಡಿದರೆ ಮರ ಮನೆ ಎಲ್ಲಾ ಇದ್ದಿಲಿನಂತೆ ಕಪ್ಪು. ಹೀಗಾಗಿ ಒಂದು ಜಮೀನಿಗೆ ಎರಡು ಸಲ ಹೋಗಲೇಬೇಕು. ಒಂದೇ ಸಲಕ್ಕೆ ಮುಗಿಸುತ್ತೇನೆ ಎನ್ನುವವನು ಅರ್ಧ ಜಮೀನಿನ ಫೋಟೊ ಮಾತ್ರ ತರುತ್ತಾನೆ. ಬೆನ್ನಿಗೆ ಬಿಸಿಲು ಇದ್ದಾಗ ನಮ್ಮದೇ ನೆರಳು ಉದ್ದಕ್ಕೆ ಮುಂದೆ ಬೀಳುತ್ತದೆ, ಅದು ಫೋಟೊದಲ್ಲಿ ಬರದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಮೂರನೆಯದು ಫೋನು ಹಿಡಿಯುವುದು. ಜೇಬಿನಲ್ಲಿ ಎಲೆಅಡಿಕೆ ಜೊತೆ ಇದ್ದ ಫೋನಿನ ಕಣ್ಣು ಮಬ್ಬಾಗಿರುತ್ತದೆ. ಪಂಚೆಯ ಶುದ್ಧವಾದ ಅಂಚಿನಿಂದ ಮೊದಲು ಒರೆಸಿ. ನನ್ನ ಅರ್ಧ ಫೋಟೊಗಳ ಮಂಜು ಇದೊಂದರಲ್ಲೇ ಹೋಯಿತು. ಫೋನು ಅಡ್ಡ ಹಿಡಿಯಿರಿ, ಜಮೀನು ಅಡ್ಡಕ್ಕೆ ಹರಡಿದ ವಸ್ತು. ದೂರದ ಬದುವಿನ ಗೆರೆ ನೀರು ನಿಂತಂತೆ ಸಮ ಇರಲಿ. ಮೇಲಿನ ಮೂರನೇ ಒಂದು ಪಾಲು ಆಕಾಶ ಸಾಕು, ಉಳಿದ ಎರಡು ಪಾಲು ನೆಲ. ನಾವು ಮಾರುವುದು ನೆಲವನ್ನು ತಾನೆ! ಬೆರಳಿನಿಂದ ಹಿಗ್ಗಿಸಿ ಹತ್ತಿರ ತರಬೇಡಿ, ಚಿತ್ರ ಒಡೆಯುತ್ತದೆ. ಹತ್ತಿರ ಬೇಕಾದರೆ ನಡೆದುಕೊಂಡು ಹೋಗಿ. ಹೊಸ ಫೋನುಗಳಲ್ಲಿ ಅಗಲ ಮಾಡಿ ತೋರಿಸುವ ಕಣ್ಣೂ ಇರುತ್ತದೆ. ಅದರಲ್ಲಿ ಎರಡು ಎಕರೆ ನಾಲ್ಕು ಎಕರೆಯಂತೆ ಕಾಣುತ್ತದೆ. ಬಂದು ನೋಡಿದವನಿಗೆ ಮೊದಲ ಅನುಮಾನ ಅಲ್ಲೇ ಶುರು.

ನೆಲದಲ್ಲಿ ನಿಂತು ತೆಗೆದರೆ ಜಮೀನು ಪಟ್ಟಿಯಂತೆ ಕಾಣುತ್ತದೆ. ಸ್ವಲ್ಪ ಎತ್ತರ ಬೇಕು. ನಾನು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತು ತೆಗೆದೆ. ಹಕ್ಕಿ ಕಾಯುವ ಅಟ್ಟಣೆ ಇದ್ದರೆ ಇನ್ನೂ ಒಳ್ಳೆಯದು.

ಚಕ್ಕುಬಂದಿಯಂತೆ ನಾಲ್ಕು ಮೂಲೆ

ಎಷ್ಟು ತೆಗೆದರೂ ಒಂದು ತೊಡಕು ಉಳಿದಿತ್ತು. ಫೋಟೊ ಚೆನ್ನಾಗಿ ಬಂದರೂ ಎಲ್ಲಿಂದ ಎಲ್ಲಿಯವರೆಗೆ ನಮ್ಮದು ಎಂದು ನೋಡಿದವನಿಗೆ ತಿಳಿಯುತ್ತಿರಲಿಲ್ಲ. ಒಂದು ರಾತ್ರಿ ಅಪ್ಪನ ಕಾಲದ ಕ್ರಯಪತ್ರ ತೆಗೆದು ಓದುತ್ತಿದ್ದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಜಮೀನು ಎಂದು ಚಕ್ಕುಬಂದಿ ಬರೆದಿತ್ತು. ತಲೆಗೆ ಹೊಳೆಯಿತು. ಪತ್ರ ಬರೆಯುವವನು ನಾಲ್ಕು ದಿಕ್ಕು ಬಿಡದೆ ಬರೆಯುತ್ತಾನೆ, ಫೋಟೊ ತೆಗೆಯುವವನು ಯಾಕೆ ಬಿಡಬೇಕು?

ನಾಲ್ಕೂ ಬಾಂದು ಕಲ್ಲುಗಳಿಗೆ ಸುಣ್ಣ ಬಳಿದೆ. ಪ್ರತಿ ಕಲ್ಲಿನ ಪಕ್ಕ ಎಂಟು ಅಡಿಯ ಗಳ ನೆಟ್ಟು ತುದಿಗೆ ಬಿಳಿ ಬಟ್ಟೆ ಕಟ್ಟಿದೆ. ಬೆಳಿಗ್ಗೆ ಪೂರ್ವದ ಎರಡು ಮೂಲೆಗಳಲ್ಲಿ ನಿಂತು ಎದುರು ಮೂಲೆಗೆ ನೋಡಿ ಒಂದೊಂದು, ಸಂಜೆ ಪಶ್ಚಿಮದ ಎರಡು ಮೂಲೆಗಳಿಂದ ಒಂದೊಂದು. ನಾಲ್ಕು ಫೋಟೊದಲ್ಲಿ ಇಡೀ ಜಮೀನು ಮುಗಿಯಿತು. ಪ್ರತಿಯೊಂದರ ಕೆಳಗೆ “ಈಶಾನ್ಯ ಮೂಲೆಯಿಂದ ನೈರುತ್ಯಕ್ಕೆ” ಎಂದು ಬರೆದೆ.

ಅಳತೆ ತಿಳಿಯಲು ಒಂದು ಉಪಾಯ. ನಮ್ಮ ತುಂಡು 220 ಅಡಿ ಅಗಲ, 396 ಅಡಿ ಉದ್ದ, ಸರಿಯಾಗಿ ಎರಡು ಎಕರೆ. ಗುಂಟೆಗೆ 33 ಅಡಿಗೆ 33 ಅಡಿ, ಎಕರೆಗೆ 40 ಗುಂಟೆ ಎಂದು ನಮಗೆ ಬಾಯಿಪಾಠ. ಪಟ್ಟಣದವರಿಗೆ ನಿವೇಶನದ ಮೂವತ್ತು ನಲವತ್ತು ಮಾತ್ರ ಗೊತ್ತು. ಅದಕ್ಕೆ ನಮ್ಮ ಮನೆಯವಳನ್ನು ದೂರದ ಕಲ್ಲಿನ ಹತ್ತಿರ ಮಂಕರಿ ಹೊತ್ತು ನಿಲ್ಲಿಸಿದೆ. ಆಳು ಅಷ್ಟು ಚಿಕ್ಕದಾಗಿ ಕಂಡಾಗ ಜಮೀನಿನ ಉದ್ದ ತಾನಾಗಿ ತಿಳಿಯುತ್ತದೆ. “ನಾನೇನು ಬೆರ್ಚಪ್ಪನಾ?” ಎಂದು ಬೈದುಕೊಂಡೇ ನಿಂತಳು.

ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವವರು 11ಇ ನಕ್ಷೆ ಮೊದಲು ಮಾಡಿಸಿಕೊಳ್ಳಿ, ನೋಂದಣಿಗೆ ಹೇಗೂ ಬೇಕು. ಅಳತೆಯಾಗಿ ಕಲ್ಲು ಬಿದ್ದ ಮೇಲೆ ಫೋಟೊ ತೆಗೆದರೆ ನಕ್ಷೆಯೂ ಫೋಟೊವೂ ಒಂದಕ್ಕೊಂದು ತಾಳೆಯಾಗುತ್ತವೆ. ಮೂಲೆ ಎಲ್ಲಿದೆ ಎಂದು ಅಂದಾಜಿಗೆ ನೋಡಲು ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ಸಾಕು. ನಿಂತ ಜಾಗದ ಸರ್ವೆ ನಂಬರ್ ಅದರಲ್ಲಿ ಬರುತ್ತದೆ. ಆದರೆ ಅದು ಹತ್ತಡಿ ಆಚೀಚೆ ತೋರಿಸಬಹುದು, ಅದನ್ನು ನಂಬಿ ಬದುವಿನ ಜಗಳಕ್ಕೆ ಇಳಿಯಬೇಡಿ.

ದಾರಿ, ಮಣ್ಣು, ನೀರು

ಕೊಳ್ಳುವವನು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ “ಕಾರು ಬರುತ್ತಾ?” ಅದಕ್ಕೆ ಮೂರು ಫೋಟೊ. ಡಾಂಬರು ರಸ್ತೆಯಿಂದ ತಿರುಗುವ ಜಾಗ, ಮಣ್ಣುದಾರಿಯ ಅತಿ ಕೆಟ್ಟ ಜಾಗ, ಜಮೀನಿನ ಬಾಯಿ. ಕೆಟ್ಟ ಜಾಗ ಯಾಕೆ ಎಂದರೆ ಅದನ್ನು ಅವನು ಬಂದಾಗ ನೋಡೇ ನೋಡುತ್ತಾನೆ. ಮೊದಲೇ ನೋಡಿದ್ದರೆ ಬಂದಾಗ ಬೈಯುವುದಿಲ್ಲ.

ಮಣ್ಣಿಗೆ ಎರಡು ಫೋಟೊ. ಜಮೀನಿನ ನಡುವೆ ಮೂರು ಅಡಿ ಆಳದ ಗುಂಡಿ ತೆಗೆಸಿ. ಒಂದು ಪಕ್ಕವನ್ನು ಸನಿಕೆಯಿಂದ ನೇರವಾಗಿ ಕೆತ್ತಿ. ಅಡಿ ಅಡಿಗೆ ಗುರುತು ಹಾಕಿದ ಕೋಲನ್ನು ನಿಲ್ಲಿಸಿ ತೆಗೆಯಿರಿ. ನಮ್ಮದರಲ್ಲಿ ಒಂದೂವರೆ ಅಡಿ ಕೆಂಪು ಮಣ್ಣು, ಕೆಳಗೆ ಗರಸು. ಫೋಟೊದಲ್ಲಿ ಗೆರೆ ಎಳೆದಂತೆ ಕಂಡಿತು. ಬೆಳಗಿನ ಎಳೆಬಿಸಿಲಿನಲ್ಲಿ ಮಣ್ಣು ಇರುವುದಕ್ಕಿಂತ ಹೆಚ್ಚು ಕೆಂಪಗೆ ಕಾಣುತ್ತದೆ. ಇದೊಂದನ್ನು ಮಾತ್ರ ಒಂಬತ್ತು ಗಂಟೆ ಮೇಲೆ, ಕೊಡೆ ಹಿಡಿದು ನೆರಳಿನಲ್ಲಿ, ಪಕ್ಕಕ್ಕೆ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಹಾಳೆ ಬಿಳಿಯಾಗಿ ಕಂಡರೆ ಮಣ್ಣಿನ ಬಣ್ಣವೂ ನಿಜ. ಎರಡನೆಯದು, ಒಂದು ಹಿಡಿ ಒಣ ಮಣ್ಣು, ಒಂದು ಹಿಡಿ ನೆನೆಸಿ ಉಂಡೆ ಕಟ್ಟಿದ ಮಣ್ಣು, ಅಕ್ಕಪಕ್ಕ. ಬೇಸಾಯ ಗೊತ್ತಿದ್ದವನಿಗೆ ಅಷ್ಟು ಸಾಕು. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿಬಿಡಿ, ದನ ಬಿದ್ದೀತು.

ನೀರಿದ್ದವರು ಫೋಟೊ ತೆಗೆಯಬೇಡಿ, ವೀಡಿಯೊ ತೆಗೆಯಿರಿ. ಪೈಪಿನಿಂದ ನೀರು ಚಿಮ್ಮುವ ಫೋಟೊ ಯಾರನ್ನೂ ನಂಬಿಸುವುದಿಲ್ಲ. ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ಮೋಟಾರು ಹಾಕಿದರೆ ಐದು ನಿಮಿಷ ಎಲ್ಲಾ ಬೋರೂ ಗಂಗಾಭವಾನಿಯೇ. ನನ್ನಲ್ಲೇ ಉಳಿಯುವ ಬೋರಿನಲ್ಲಿ ಪರೀಕ್ಷೆ ಮಾಡಿದೆ. 200 ಲೀಟರಿನ ಡ್ರಮ್ಮು ಶುರುವಿನಲ್ಲಿ ಎರಡೂವರೆ ನಿಮಿಷಕ್ಕೆ ತುಂಬಿತು, ಅಂದರೆ ಗಂಟೆಗೆ 4,800 ಲೀಟರ್. ಒಂದೂವರೆ ಗಂಟೆ ಓಡಿದ ಮೇಲೆ ಅದೇ ಡ್ರಮ್ಮಿಗೆ ನಾಲ್ಕು ನಿಮಿಷ, ಗಂಟೆಗೆ 3,000 ಲೀಟರ್. ನಿಜವಾದ ನೀರು ಎರಡನೆಯದು. ಡ್ರಮ್ಮು, ಗಡಿಯಾರ, ಅವತ್ತಿನ ದಿನಪತ್ರಿಕೆ ಮೂರೂ ಕಾಣುವಂತೆ ವೀಡಿಯೊ ಮಾಡಿ. ಬೇಸಗೆಯ ತಾರೀಖು ಇದ್ದ ನೀರಿಗೆ ಬೆಲೆ ಜಾಸ್ತಿ.

ಮುಚ್ಚಿದ ಬೋರಿನ ಫೋಟೊ

ಮಾರುವ ಎರಡು ಎಕರೆಯಲ್ಲಿ ನನಗೆ ನೀರಿರಲಿಲ್ಲ. ಬದಲಿಗೆ ಹೋದ ಬೋರು ಒಂದಿತ್ತು, 680 ಅಡಿ. ಬಾಯಿಗೆ ಕಬ್ಬಿಣದ ಮುಚ್ಚಳ ಬಿಗಿದು ಕಾಂಕ್ರೀಟು ಹಾಕಿಸಿದ್ದೆ. ಅದರ ಫೋಟೊ ತೆಗೆದು “680 ಅಡಿ, ನೀರು ಬಂದಿಲ್ಲ” ಎಂದು ಬರೆದಾಗ ನನ್ನ ಭಾಮೈದ ತಲೆ ಚಚ್ಚಿಕೊಂಡ. “ಭಾವ, ಕುಂಟೋ ಎತ್ತನ್ನ ಸಂತೆಗೆ ಹೊಡ್ಕೊಂಡ್ ಹೋಗಿ ನೀವೇ ಕಾಲು ಎತ್ತಿ ತೋರಿಸ್ತೀರಲ್ಲ!”

ನಾನು ಅವನಿಗೆ ಸಂತೆಯ ಮಾತನ್ನೇ ಹೇಳಿದೆ. ಎತ್ತು ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ನಡೆಸಿ ನೋಡುತ್ತಾನೆ, ಸುಳಿ ನೋಡುತ್ತಾನೆ. ಕುಂಟು ಅವನಿಗೆ ಕಂಡೇ ಕಾಣುತ್ತದೆ. ಅವನಾಗಿ ಕಂಡುಹಿಡಿದರೆ ಒಂದು ಕುಂಟಿಗೆ ಹತ್ತು ಕುಂಟು ಸೇರಿಸಿ ಬೆಲೆ ಇಳಿಸುತ್ತಾನೆ. ನಾವೇ ಹೇಳಿದರೆ ಒಂದು ಕುಂಟಿಗೆ ಒಂದೇ ಕುಂಟಿನ ಬೆಲೆ. ಆ ಬೆಂಗಳೂರಿನ ಕಾರಿನವರು ಕಲಿಸಿದ ಪಾಠ ಅದು. ಅವರು ಬೆಲೆ ಕೇಳಲೂ ಇಲ್ಲ ನೋಡಿ.

ಹೀಗೆ ಉತ್ತರದ ಹಳ್ಳದ ಕಡೆ ಮಣ್ಣು ಕೊಚ್ಚಿದ ಕೊರಕಲು, ಮೇಲೆ ಹಾದುಹೋಗುವ ವಿದ್ಯುತ್ ತಂತಿ, ಮೂಲೆಯ ಬಂಡೆ ಎಲ್ಲವನ್ನೂ ತೆಗೆದೆ. ಪಕ್ಕದವರ ದಾಳಿಂಬೆ ಬಾರದ ಹಾಗೆ ಎರಡು ಹೆಜ್ಜೆ ಮುಂದೆ ನಿಂತು ತೆಗೆದೆ. ಬರಲೇಬೇಕಾದ ಕಡೆ “ಬೇಲಿಯ ಆಚೆ ಬೇರೆಯವರದು” ಎಂದು ಬರೆದೆ.

ಇಲ್ಲೊಂದು ವಿಷಯ ಹೇಳಬೇಕು. ಬದುವಿನ ಮೇಲೆ ಒಂದು ದೊಡ್ಡ ಹುಣಸೆ ಮರ ಇದೆ. ಸಂಜೆ ಬಿಸಿಲಿನಲ್ಲಿ ಅದರ ಫೋಟೊ ಎಷ್ಟು ಚೆನ್ನಾಗಿ ಬಂತೆಂದರೆ ಆ ಹುಡುಗ ಇದನ್ನೇ ಮೊದಲು ಹಾಕಿ ಮಾವ ಅಂದ. ಮನೆಯವಳು ನೋಡಿ ಕೇಳಿದಳು, “ಮರ ಯಾರ್ದು?” ನಾನು ತೆಪ್ಪಗಾದೆ. ಪಾಲಾಗುವಾಗ ಆ ಮರದ ಅರ್ಧ ಹಣ್ಣು ಅಣ್ಣನ ಮನೆಗೆ ಎಂದು ಬಾಯಿಮಾತಾಗಿತ್ತು. ಇಪ್ಪತ್ತು ವರ್ಷದಿಂದ ಹಾಗೇ ನಡೆದಿದೆ, ಯಾವ ಕಾಗದದಲ್ಲೂ ಇಲ್ಲ. ಕೊಂಡವನು ಅಣ್ಣನ ಮಗನನ್ನು ಮರ ಹತ್ತಲು ಬಿಡುತ್ತಾನೆಯೇ? ಅಣ್ಣನ ಮಗನ ಜೊತೆ ಕೂತು ಮಾತಾಡಿ, ಅವನ ಪಾಲಿಗೆ ಹಣ ಕೊಡುವುದೆಂದು ಒಪ್ಪಿ, ಮರ ಜಮೀನಿನ ಜೊತೆಗೆ ಎಂದು ತೀರ್ಮಾನಿಸಿದೆವು. ಆ ಫೋಟೊ ತೆಗೆಯದೆ ಇದ್ದಿದ್ದರೆ ಈ ಮಾತು ನೋಂದಣಿಯಾದ ಮೇಲೆ ಎದ್ದು ಅಣ್ಣತಮ್ಮಂದಿರ ಮನೆ ಎರಡಾಗುತ್ತಿತ್ತು. ಫೋಟೊಗೆ ಮರ, ಬಾವಿ, ದಾರಿ, ಗುಡಿ ಏನೇ ಬಂದರೂ ಇದು ಯಾರದು ಎಂದು ಒಮ್ಮೆ ಕೇಳಿಕೊಳ್ಳಿ.

ಕಳಿಸುವಾಗ

ಎಲ್ಲಾ ಸೇರಿ 60 ತೆಗೆದಿದ್ದೆ, ಇಟ್ಟುಕೊಂಡದ್ದು 14. ಒಂದೇ ಥರದ ಐದು ಕಳಿಸಿದರೆ ನೋಡುವವನಿಗೆ ಬೇಸರ. ಕ್ರಮ ಹೀಗಿತ್ತು: ದಾರಿ ಮೂರು, ಮೂಲೆ ನಾಲ್ಕು, ಮಣ್ಣು ಎರಡು, ಹುಣಸೆ ಮರ ಒಂದು, ಕೊರತೆಗಳು ನಾಲ್ಕು. ಬಂದವನು ನಡೆದು ನೋಡುವ ಕ್ರಮವೇ ಇದು. ತೆಗೆದ ತಾರೀಖು ಎಲ್ಲದರಲ್ಲೂ ಬರೆದೆ. ಮಳೆಗಾಲದ ಹಸಿರು ಫೋಟೊ ಇದ್ದರೆ ಧಾರಾಳವಾಗಿ ಸೇರಿಸಿ, ಅದೂ ನಿಮ್ಮ ಜಮೀನಿನ ನಿಜವೇ. ಆದರೆ ಬೇಸಗೆಯದರ ಪಕ್ಕಕ್ಕೆ ಇಟ್ಟು, ತಿಂಗಳು ಇಸವಿ ಬರೆದು. ಬಣ್ಣ ಹಚ್ಚುವ, ತಂತಿ ಅಳಿಸುವ ಆಟ ಬೇಡ. ಈಗ ಫೋನೇ ಇಲ್ಲದ ಮರವನ್ನೂ ನೆಟ್ಟುಕೊಡುತ್ತದೆ. ನೆರಳು ಕೊಡುವುದಿಲ್ಲ ಅಷ್ಟೇ.

ವಾಟ್ಸಾಪಿನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ತೆಗೆದಂತೆಯೇ ತಲುಪುತ್ತದೆ. ನಾವು ಕಳಿಸಿದ ಫೋಟೊ ಬೇರೆ ದಲ್ಲಾಳಿಗಳ ಕೈಗೆ ಹೋಗಿ ಬೇರೆ ಬೆಲೆಗೆ ತಿರುಗಾಡುವುದುಂಟು. ಅದಕ್ಕೆ ಒಂದೆರಡು ಫೋಟೊದ ಮೇಲೆ “ಮಾಲೀಕರೇ ತೆಗೆದದ್ದು” ಎಂದು ಅಕ್ಷರ ಹಾಕಿಸಿದೆ. ಆಧಾರ್, ಪಾಸ್‌ಬುಕ್, ಸಹಿ ಇರುವ ಕಾಗದ ಇವುಗಳ ಫೋಟೊ ಗುಂಪುಗಳಿಗೆ ಹಾಕಲೇಬಾರದು. ಮಾತು ಮುಂದುವರಿದವರಿಗೆ ಸರ್ವೆ ನಂಬರ್ ಕೊಟ್ಟರೆ ಪಹಣಿಯನ್ನು ಅವರೇ ನೋಡಿಕೊಳ್ಳಬಹುದು. ಇನ್ನೊಂದು, ಜಮೀನು ನೋಡದೆಯೇ ಮುಂಗಡ ಕಳಿಸುತ್ತೇನೆ, ಫೋನಿನಲ್ಲಿ ಪಿನ್ ಒತ್ತಿ ಎನ್ನುವವನು ಕಳ್ಳ. ಹಣ ನಮಗೆ ಬರಲು ನಾವು ಪಿನ್ ಒತ್ತಬೇಕಾಗಿಲ್ಲ.

ಆದದ್ದು ಏನು?

ಮೂರು ವಾರ ಒಂದು ಫೋನೂ ಇಲ್ಲ. ಭಾಮೈದನ ಮುಖ ನೋಡಲಾಗಲಿಲ್ಲ. ಹಸಿರು ಫೋಟೊ ಇದ್ದಾಗ ದಿನಕ್ಕೆ ಎರಡು ಕರೆ ಬರುತ್ತಿತ್ತು, ಅದು ನಿಜ. ನಾಲ್ಕು ತಿಂಗಳಲ್ಲಿ ಒಂಬತ್ತು ಜನ ಕೇಳಿದರು, ಇಬ್ಬರು ಬಂದರು. ಬಂದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಲೇತ್ ಅಂಗಡಿ ಇಟ್ಟವರು, ಹುಟ್ಟೂರು ಪಾವಗಡದ ಕಡೆ. ಕಾರಿನಿಂದ ಇಳಿದವರೇ ಸೀದಾ ಮುಚ್ಚಿದ ಬೋರಿನ ಹತ್ತಿರ ಹೋದರು, ಆಮೇಲೆ ಕೊರಕಲಿಗೆ, ಆಮೇಲೆ ನಾಲ್ಕೂ ಕಲ್ಲಿಗೆ. ನಾನು ಹಿಂದೆ ಹಿಂದೆ ನಡೆದೆ, ಹೇಳುವುದೇನೂ ಉಳಿದಿರಲಿಲ್ಲ. ಕೊನೆಗೆ ಹುಣಸೆ ಮರದ ಕೆಳಗೆ ಕೂತು, “ಅಣ್ಣಾ, ನೀರಿಲ್ಲ ಅಂತ ನೀವೇ ಫೋಟೊ ಕಳಿಸಿದ್ರಲ್ಲ, ಅದಕ್ಕೇ ಬಂದೆ” ಅಂದರು. ಅವರಿಗೆ ಬೇಕಾದದ್ದು ಮಳೆ ನೀರಿನಲ್ಲೇ ಹುಣಸೆ, ನೇರಳೆ ಬೆಳೆಸಲು ಜಾಗ. ಒಂದೂವರೆ ಅಡಿ ಮಣ್ಣು, ಕೆಳಗೆ ಗರಸು ಎಂದು ತಿಳಿದೇ ಬಂದಿದ್ದರು.

ನಾನು ಹೇಳಿದ ಬೆಲೆಗಿಂತ ಸ್ವಲ್ಪ ಕಡಿಮೆಗೆ ಮುಗಿಯಿತು. ದಲ್ಲಾಳಿ ಹೇಳುತ್ತಿದ್ದ ಬೆಲೆಯಂತೂ ಅಲ್ಲ, ಆದರೆ ಆ ಬೆಲೆಯನ್ನು ಯಾರೂ ಕೊಟ್ಟೂ ಇರಲಿಲ್ಲ. 2025ರ ಜನವರಿಯಲ್ಲಿ ನೋಂದಣಿಯಾಯಿತು. ಕೈಸಾಲ ತೀರಿತು, ಅಣ್ಣನ ಮಗನ ಹಣ ಅವನಿಗೆ ಸೇರಿತು, ನಾಲ್ಕು ಎಕರೆ ಹತ್ತು ಗುಂಟೆ ಉಳಿಯಿತು.

ಉಳಿದ ಜಮೀನಿನ ಫೋಟೊವನ್ನೂ ಅದೇ ನಾಲ್ಕು ಮೂಲೆಯಿಂದ ಈಗ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ತೆಗೆದಿಡುತ್ತೇನೆ. ಮಾರಲು ಅಲ್ಲ. ಮೊದಲ ವರ್ಷದ್ದನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ದಕ್ಷಿಣದ ಬದು ಒಂದು ಮಾರು ಕರಗಿದ್ದು ಕಂಡಿತು. ದಿನಾ ಅದರ ಮೇಲೆಯೇ ನಡೆಯುತ್ತಿದ್ದರೂ ನನಗೆ ಗೊತ್ತಾಗಿರಲಿಲ್ಲ. ಈ ಬೇಸಗೆಯಲ್ಲಿ ಅದಕ್ಕೆ ಕಲ್ಲು ಕಟ್ಟಿದೆ.

ಹೊಲಕ್ಕೆ ಹೊರಡುವ ಮುಂಚೆ
• ಫೋನು ಪೂರ್ತಿ ಚಾರ್ಜು, ಕಣ್ಣು ಒರೆಸಿದ್ದು, ತಾರೀಖು ಸರಿ ಇದೆಯೇ ನೋಡಿದ್ದು.
• ಸುಣ್ಣ, ನಾಲ್ಕು ಗಳ, ಬಿಳಿ ಬಟ್ಟೆ.
• ಸನಿಕೆ, ಗುರುತು ಹಾಕಿದ ಕೋಲು, ಕೊಡೆ, ಬಿಳಿ ಹಾಳೆ.
• ನೀರಿದ್ದರೆ ಡ್ರಮ್ಮು, ಗಡಿಯಾರ, ಅವತ್ತಿನ ಪತ್ರಿಕೆ.
• ಬೆಳಿಗ್ಗೆ ಪೂರ್ವದ ಮೂಲೆಗಳಿಂದ, ಸಂಜೆ ಪಶ್ಚಿಮದ ಮೂಲೆಗಳಿಂದ.
• ದೂರದ ಕಲ್ಲಿನ ಹತ್ತಿರ ನಿಲ್ಲಲು ಒಬ್ಬ ಆಳು. ಮನೆಯವರನ್ನು ನಿಲ್ಲಿಸುವುದಾದರೆ ಮೊದಲೇ ಕೇಳಿ.